ಅಪ್ಪನ ಹೃದಯ, ಮಗಳ ಹೃದಯ: ಒಂದೇ ಸಿಗ್ನಲ್‌ಗೆ ಎರಡು ಅರ್ಥ ಹೇಗೆ?

ಪ್ರಶ್ನೆ: ನನ್ನ ಮಗಳಿಗೆ ಈಗ ಎರಡು ವರ್ಷ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿದಾಗಿನಿಂದ ಸಣ್ಣ ರಂಧ್ರ ಇದೆ. ನನ್ನ ಅಪ್ಪನಿಗೆ 68. ಬಹಳ ವರ್ಷದ ಬಿಪಿಯಿಂದ ಹೃದಯದ ಗೋಡೆ ದಪ್ಪವಾಗಿತ್ತು, ಈಗ ಹಾರ್ಟ್ ಫೇಲ್ಯೂರ್ ಅಂತಿದ್ದಾರೆ. ಹೃದಯದ ಹೊರೆ ತಿಳಿಸುವ ಬಿಎನ್‌ಪಿ ಎಂಬ ರಕ್ತದ ಟೆಸ್ಟ್ ಜಾಸ್ತಿ ಬಂದಿದೆ. ಕಾಯಿಲೆ ಬಿದ್ದ ಹೃದಯದಲ್ಲಿ ‘ಭ್ರೂಣದ ಜೀನ್‌ಗಳು ಮತ್ತೆ ಏಳುತ್ತವೆ’ ಅಂತ ಎಲ್ಲೋ ಓದಿದೆ. ಹಾಗಾದರೆ ಇಬ್ಬರದೂ ಒಂದೇ ಜೀನ್ ತೊಂದರೆಯಾ? ಅಪ್ಪನಿಂದ ನನ್ನ ಮೂಲಕ ಮಗಳಿಗೆ ಬಂತಾ? ಇಬ್ಬರಿಗೂ ಜೀನ್ ಟೆಸ್ಟ್ ಮಾಡಿಸಬೇಕಾ?

ಉತ್ತರ: ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸುತ್ತೇನೆ. ನೀವು ಬರೆದಿರುವುದರಲ್ಲಿ ಅಪ್ಪನ ತೊಂದರೆ ನಿಮ್ಮ ಮೂಲಕ ಮಗಳಿಗೆ ಹರಿದು ಬಂದ ಲಕ್ಷಣ ಕಾಣುವುದಿಲ್ಲ. ಅಪ್ಪನದು ವರ್ಷಗಟ್ಟಲೆ ಒತ್ತಡ ಹೊತ್ತು ದಣಿದ ಹೃದಯ. ಮಗಳದು ಕಟ್ಟುವ ಕಾಲದಲ್ಲಿ ಒಂದು ಗೋಡೆ ಪೂರ್ತಿ ಮುಚ್ಚದೆ ಉಳಿದ ಹೃದಯ. ಎರಡರ ಕಾರಣವೂ ಬೇರೆ. ಹಾಗಂತ ನೀವು ಓದಿದ್ದು ಸುಳ್ಳೂ ಅಲ್ಲ. ಹೃದಯ ಕಟ್ಟಲು ಬಳಸಿದ ಸಿಗ್ನಲ್‌ಗಳು, ಅವು ಎಬ್ಬಿಸಿದ ಜೀನ್‌ಗಳು, ದೊಡ್ಡವರ ಹೃದಯ ಕಷ್ಟಕ್ಕೆ ಸಿಕ್ಕಾಗ ಮತ್ತೆ ಕಾಣಿಸಿಕೊಳ್ಳುವುದು ನಿಜ. ಗೊಂದಲ ಹುಟ್ಟುವುದು ಅಲ್ಲೇ. ಸಿಗ್ನಲ್ ಒಂದೇ ಆದ ಮಾತ್ರಕ್ಕೆ ಕಾಯಿಲೆ ಒಂದೇ ಆಗುವುದಿಲ್ಲ.

ಕನ್ನಡದ ‘ಸಾಕು’ ಅನ್ನುವ ಪದ ನೋಡಿ. ‘ಈ ಕರುವನ್ನು ಸಾಕು’ ಅಂದರೆ ಬೆಳೆಸು. ‘ಬಡಿಸಿದ್ದು ಸಾಕು’ ಅಂದರೆ ನಿಲ್ಲಿಸು. ಪದ ಒಂದೇ. ಯಾರಿಗೆ, ಯಾವಾಗ ಹೇಳಿದೆವು ಅನ್ನುವುದರ ಮೇಲೆ ಅರ್ಥ ತಿರುಗಾಮುರುಗಾ ಆಗುತ್ತದೆ. ಜೀವಕೋಶಗಳ ನಡುವಿನ ಮಾತುಕತೆಯೂ ಹೀಗೇ. ಸಿಗ್ನಲ್ ಕಳಿಸುವ ಪ್ರೊಟೀನ್‌ಗಿಂತ ಅದನ್ನು ಕೇಳಿಸಿಕೊಳ್ಳುವ ಕೋಶ ಯಾವ ಸ್ಥಿತಿಯಲ್ಲಿದೆ ಅನ್ನುವುದೇ ಹೆಚ್ಚು ಮುಖ್ಯ.

ಒಂದು ಸಿಗ್ನಲ್ ಹೊರಗಿನಿಂದ ಬಂದು ಜೀನ್‌ವರೆಗೆ ಮುಟ್ಟುವುದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಪ್ರೊಟೀನ್ ತಯಾರಿಸುವ ಜೀನ್‌ಗಳು ನಮ್ಮಲ್ಲಿ ಸುಮಾರು 20,000. ಹೃದಯದ ಕೋಶದಲ್ಲೂ ಅಷ್ಟೇ, ಚರ್ಮದ ಕೋಶದಲ್ಲೂ ಅಷ್ಟೇ. ಯಾವುದನ್ನು ಓದಬೇಕು, ಎಷ್ಟು ಓದಬೇಕು ಅನ್ನುವುದರಲ್ಲಷ್ಟೇ ವ್ಯತ್ಯಾಸ. ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೊಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಓದಲು ಆಗುವುದಿಲ್ಲ, ಸಡಿಲ ಇದ್ದ ಕಡೆ ಆಗುತ್ತದೆ. ಜೀನ್‌ಗಳ ಹತ್ತಿರದಲ್ಲೋ ಬಹಳ ದೂರದಲ್ಲೋ ಎನ್‌ಹಾನ್ಸರ್ ಎಂಬ ಡಿಎನ್‌ಎ ತುಣುಕುಗಳಿರುತ್ತವೆ. ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ಎಂಬ ಪ್ರೊಟೀನ್‌ಗಳು ಅಲ್ಲಿ ಬಂದು ಕೂತರೆ ಜೀನ್ ಓದುವ ಕೆಲಸ ಶುರುವಾಗುತ್ತದೆ, ಇಲ್ಲವೇ ನಿಲ್ಲುತ್ತದೆ. ಅಂದರೆ ಸಿಗ್ನಲ್ ಮಾಡುವ ಕೆಲಸ ಕೊನೆಗೆ ಇಷ್ಟೇ: ಆ ಫ್ಯಾಕ್ಟರ್‌ಗಳನ್ನು ಕೋಶಕೇಂದ್ರದ ಒಳಗೆ ಕಳಿಸುವುದು, ಹೊರಗೆ ಹಾಕುವುದು, ಅಥವಾ ಡಿಎನ್‌ಎ ಸುತ್ತನ್ನು ಬಿಗಿ ಅಥವಾ ಸಡಿಲ ಮಾಡುವುದು.

ನನಗೆ ತುಂಬಾ ಇಷ್ಟವಾದದ್ದು ನಾಚ್ ಎಂಬ ದಾರಿ. ಎರಡು ಕೋಶಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಒಂದರ ಮೈಮೇಲಿನ ಪ್ರೊಟೀನ್, ಪಕ್ಕದ ಕೋಶದ ನಾಚ್ ಗ್ರಾಹಕವನ್ನು (ಸಿಗ್ನಲ್ ಹಿಡಿಯುವ ಪ್ರೊಟೀನನ್ನು) ಹಿಡಿದು ಎಳೆಯುತ್ತದೆ. ಎಳೆದ ಜಾಗದಲ್ಲಿ ಕಿಣ್ವಗಳು ಕತ್ತರಿ ಆಡಿಸುತ್ತವೆ. ಗ್ರಾಹಕದ ಒಳತುದಿ ತುಂಡಾಗಿ, ಸೀದಾ ಕೋಶಕೇಂದ್ರಕ್ಕೆ ಹೋಗಿ, ಜೀನ್‌ಗಳ ಮೇಲೆ ಕೂರುತ್ತದೆ. ಬಾಗಿಲಲ್ಲಿ ಕಾವಲು ನಿಂತವನೇ ಒಳಗೆ ಓಡಿ ಸುದ್ದಿ ಮುಟ್ಟಿಸಿದ ಹಾಗೆ. ನಡುವೆ ದಲ್ಲಾಳಿಗಳೇ ಇಲ್ಲ. ವಿಂಟ್ ಎಂಬ ಇನ್ನೊಂದು ದಾರಿಯ ಲೆಕ್ಕ ಬೇರೆ. ಅಲ್ಲಿ ಬೀಟಾ-ಕೆಟೆನಿನ್ ಎಂಬ ಪ್ರೊಟೀನ್ ಸದಾ ತಯಾರಾಗುತ್ತಿರುತ್ತದೆ, ಸದಾ ನಾಶವೂ ಆಗುತ್ತಿರುತ್ತದೆ. ವಿಂಟ್ ಬಂದರೆ ನಾಶ ನಿಲ್ಲುತ್ತದೆ. ಉಳಿದುಕೊಂಡ ಬೀಟಾ-ಕೆಟೆನಿನ್ ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನು ಎಬ್ಬಿಸುತ್ತದೆ. ಬಿಎಂಪಿ ಮತ್ತು ಟಿಜಿಎಫ್-ಬೀಟಾ ಎಂಬ ಸಿಗ್ನಲ್‌ಗಳು ಸ್ಮ್ಯಾಡ್ ಎಂಬ ಪ್ರೊಟೀನ್‌ಗಳಿಗೆ ಫಾಸ್ಫೇಟ್ ಅಂಟಿಸಿ ಒಳಗೆ ಕಳಿಸುತ್ತವೆ. ಹೆಸರುಗಳು ನೆನಪಿರಬೇಕಿಲ್ಲ. ಪ್ರತಿ ದಾರಿಯ ಕೊನೆಯ ನಿಲ್ದಾಣ ಜೀನ್ ಅನ್ನುವುದು ನೆನಪಿದ್ದರೆ ಸಾಕು. (ಇಲ್ಲಿ ನಿಲ್ಲಿಸುವ ‘ಸಾಕು’.)

ಈಗ ಹೃದಯ ಕಟ್ಟುವ ಕೆಲಸಕ್ಕೆ ಬರೋಣ. ಭ್ರೂಣದಲ್ಲಿ ಮೊದಲು ಕೆಲಸ ಶುರು ಮಾಡುವ ಅಂಗವೇ ಹೃದಯ. ಗರ್ಭ ಕಟ್ಟಿದ ಸುಮಾರು 22ನೇ ದಿನಕ್ಕೆ ಅದು ಬಡಿಯಲು ಶುರು ಮಾಡುತ್ತದೆ. ಆಗ ಕೋಣೆಗಳಿಲ್ಲ, ಕವಾಟಗಳಿಲ್ಲ. ಬರೀ ಒಂದು ಕೊಳವೆ. ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಅಂತ ಖಚಿತವಾಗುವ ಹೊತ್ತಿಗೆ ಈ ಕೊಳವೆ ಮಿಡಿಯುತ್ತಿರುತ್ತದೆ.

ಆ ಕೊಳವೆಗೆ ಕೋಶಗಳು ಬರುವುದು ಭ್ರೂಣದ ನಡುಪದರದಿಂದ. ಅಲ್ಲಿನ ಎಲ್ಲ ಕೋಶಗಳೂ ಹೃದಯ ಆಗುವುದಿಲ್ಲ. ಅಕ್ಕಪಕ್ಕದಿಂದ ಬಿಎಂಪಿ ಬರಬೇಕು, ವಿಂಟ್ ಅದೇ ಹೊತ್ತಿಗೆ ಕಡಿಮೆಯಾಗಬೇಕು. ಅಂಥ ಜಾಗದ ಕೋಶಗಳು ಹೃದಯದ ದಾರಿ ಹಿಡಿಯುತ್ತವೆ. ವಿಂಟ್ ತಡೆದರೆ ಹೃದಯದ ಕೋಶ ಹುಟ್ಟುತ್ತದೆ ಅಂತ ಕೋಳಿ ಮತ್ತು ಕಪ್ಪೆಯ ಭ್ರೂಣಗಳಲ್ಲಿ 2001ರಲ್ಲಿ ತೋರಿಸಿದರು. ವಿಂಟ್ ಹೃದಯದ ಶತ್ರು ಅಂತ ಆಗ ಅನ್ನಿಸಿತ್ತು. ಕೆಲವೇ ವರ್ಷಗಳಲ್ಲಿ ಕತೆ ತಿರುಗಿತು. ಇನ್ನೂ ಮೊದಲಿನ ಹಂತದಲ್ಲಿ, ಅಂದರೆ ನಡುಪದರವೇ ಹುಟ್ಟುವ ಹೊತ್ತಿನಲ್ಲಿ, ವಿಂಟ್ ಇಲ್ಲದಿದ್ದರೆ ಕೆಲಸವೇ ಶುರುವಾಗುವುದಿಲ್ಲ. ಮೊದಲು ಅದು ‘ಸಾಕು, ಬೆಳೆಸು’ ಅನ್ನುತ್ತದೆ. ಎರಡು ಮೂರು ದಿನ ಬಿಟ್ಟು ಅದೇ ವಿಂಟ್ ‘ಸಾಕು, ನಿಲ್ಲಿಸು’ ಅನ್ನುತ್ತದೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಸ್ಟೆಮ್ ಸೆಲ್‌ಗಳಿಂದ ತಟ್ಟೆಯಲ್ಲಿ ಹೃದಯದ ಕೋಶ ಮಾಡುವ ವಿಧಾನ ಇವತ್ತು ಲ್ಯಾಬ್‌ಗಳಲ್ಲಿ ಮಾಮೂಲಿ. ಮೊದಲ ದಿನ ವಿಂಟ್ ದಾರಿಯನ್ನು ತೆರೆಯುವ ಒಂದು ರಾಸಾಯನಿಕ. ಮೂರನೇ ದಿನದ ಸುಮಾರಿಗೆ ಅದೇ ದಾರಿಯನ್ನು ಮುಚ್ಚುವ ಇನ್ನೊಂದು ರಾಸಾಯನಿಕ. ಇಷ್ಟೇ. ಎಂಟು ಹತ್ತು ದಿನಕ್ಕೆ ತಟ್ಟೆಯಲ್ಲಿ ಕೋಶಗಳು ತಾವಾಗಿ ಮಿಡಿಯಲು ಶುರು ಮಾಡುತ್ತವೆ. ಹೊಸದಾಗಿ ಕಲಿಯುತ್ತಿದ್ದಾಗ ಒಮ್ಮೆ ಎರಡನೇ ರಾಸಾಯನಿಕ ಹಾಕುವುದನ್ನು ತಡ ಮಾಡಿಬಿಟ್ಟೆ. ಹತ್ತು ದಿನ ಕಾದೆ. ಕೋಶಗಳು ಜೀವಂತ ಇದ್ದವು, ದಪ್ಪಗೆ ಬೆಳೆದಿದ್ದವು. ಒಂದೇ ಒಂದು ಮಿಡಿತ ಇರಲಿಲ್ಲ. ಅದೇ ಕೋಶ, ಅದೇ ಡಿಎನ್‌ಎ, ಅದೇ ರಾಸಾಯನಿಕ. ಹೊತ್ತು ತಪ್ಪಿತ್ತು, ಅಷ್ಟೇ.

ಸಿಗ್ನಲ್‌ಗಳು ಸರಿಯಾಗಿ ಬಂದರೆ ಕೋಶದೊಳಗೆ ಕೆಲವು ಮುಖ್ಯ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್‌ಗಳು ಏಳುತ್ತವೆ. ಎನ್‌ಕೆಎಕ್ಸ್2-5, ಗಾಟಾ4, ಟಿಬಿಎಕ್ಸ್5 ಇವುಗಳಲ್ಲಿ ಹೆಸರುವಾಸಿ. ಮೊದಲನೆಯದಕ್ಕೆ ಹಣ್ಣಿನ ನೊಣದಲ್ಲಿ ಒಬ್ಬ ಸೋದರ ಇದ್ದಾನೆ. ಆ ಜೀನ್ ಕೆಟ್ಟರೆ ನೊಣಕ್ಕೆ ಹೃದಯವೇ ಹುಟ್ಟುವುದಿಲ್ಲ. ಹಾಗಾಗಿ ಕತೆಯೊಂದರ ಹೃದಯವಿಲ್ಲದ ತಗಡಿನ ಮನುಷ್ಯನ ನೆನಪಿಗೆ ಅದನ್ನು ಟಿನ್‌ಮ್ಯಾನ್ ಅಂತ ಕರೆದರು. ನೊಣದ ಜೀನ್‌ಗಳಿಗೆ ಹೆಸರಿಡುವವರ ತಮಾಷೆ ಗುಣ ನಮ್ಮ ಕ್ಷೇತ್ರದ ಒಂದು ಖುಷಿ.

ಈ ಮೂವರೂ ಒಬ್ಬೊಬ್ಬರೇ ಕೆಲಸ ಮಾಡುವುದಿಲ್ಲ. ಒಂದೇ ಎನ್‌ಹಾನ್ಸರ್ ಮೇಲೆ ಹೆಗಲಿಗೆ ಹೆಗಲು ಕೊಟ್ಟು ಕೂರುತ್ತಾರೆ. ನಿಮ್ಮ ಮಗಳ ವಿಷಯ ಬರುವುದು ಇಲ್ಲಿ. ಮೇಲಿನ ಎರಡು ಕೋಣೆಗಳ ನಡುವಿನ ಗೋಡೆ ಒಂದೇ ಸಲಕ್ಕೆ ಎದ್ದು ನಿಲ್ಲುವುದಿಲ್ಲ. ಎರಡು ಪದರ ಬೇರೆಬೇರೆ ಕಾಲದಲ್ಲಿ ಬೆಳೆದು, ಬೇರೆ ಕಡೆಯಿಂದ ಬಂದ ಕೋಶಗಳೂ ಸೇರಿ, ಒಂದರ ಮೇಲೊಂದು ಕೂರಬೇಕು. ಇಂಥ ಸೂಕ್ಷ್ಮ ಕೆಲಸದಲ್ಲಿ ಈ ಫ್ಯಾಕ್ಟರ್‌ಗಳ ಪ್ರಮಾಣ ಸ್ವಲ್ಪ ಕಡಿಮೆಯಾದರೂ ಗೋಡೆಯಲ್ಲಿ ಸಂದು ಉಳಿಯಬಹುದು. ಟಿಬಿಎಕ್ಸ್5 ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಹೋಲ್ಟ್-ಓರಮ್ ಸಿಂಡ್ರೋಮ್ ಬರುತ್ತದೆ ಅಂತ 1997ರಲ್ಲಿ ತಿಳಿಯಿತು. ಅದರಲ್ಲಿ ಹೃದಯದ ರಂಧ್ರದ ಜೊತೆ ಹೆಬ್ಬೆರಳು ಅಥವಾ ಕೈ ಮೂಳೆಯಲ್ಲಿ ಊನ ಇರುತ್ತದೆ, ಯಾಕೆಂದರೆ ಆ ಜೀನ್ ಕೈ ಬೆಳೆಸುವ ಕೆಲಸದಲ್ಲೂ ಇದೆ. ಎನ್‌ಕೆಎಕ್ಸ್2-5 ಕೆಟ್ಟ ಕುಟುಂಬಗಳಲ್ಲಿ ರಂಧ್ರದ ಜೊತೆ ಹೃದಯದ ವಿದ್ಯುತ್ ಹರಿವಿಗೂ ತಡೆ ಬರುತ್ತದೆ, ಇದು ಗೊತ್ತಾದದ್ದು 1998ರಲ್ಲಿ. 2003ರಲ್ಲಿ ಗಾಟಾ4ನ ಒಂದು ವಿಚಿತ್ರ ಬದಲಾವಣೆ ಸಿಕ್ಕಿತು. ಅದು ಇದ್ದವರಲ್ಲಿ ಗಾಟಾ4 ತಯಾರಾಗುತ್ತದೆ. ಆದರೆ ಅದಕ್ಕೆ ಡಿಎನ್‌ಎ ಮೇಲೆ ಗಟ್ಟಿ ಹಿಡಿತ ಇಲ್ಲ, ಟಿಬಿಎಕ್ಸ್5 ಜೊತೆ ಕೈಜೋಡಿಸಲೂ ಆಗುವುದಿಲ್ಲ. ಇಬ್ಬರೂ ಹಾಜರು, ಕೆಲಸ ಮಾತ್ರ ನಡೆಯಲಿಲ್ಲ.

ಇಷ್ಟೆಲ್ಲ ಹೇಳಿದೆ ಅಂತ ಮಗಳ ಹೆಬ್ಬೆರಳು ನೋಡುತ್ತಾ ಕೂರಬೇಡಿ. ಹುಟ್ಟುವ ಸುಮಾರು 100 ಮಕ್ಕಳಲ್ಲಿ ಒಂದಕ್ಕೆ ಯಾವುದಾದರೂ ಹೃದಯದ ದೋಷ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಇಂಥದ್ದೇ ಜೀನ್ ಅಂತ ಬೆರಳು ತೋರಿಸಲು ಆಗುವುದಿಲ್ಲ. ಹಲವು ಸಣ್ಣ ಸಣ್ಣ ವ್ಯತ್ಯಾಸಗಳು, ಸಿಗ್ನಲ್‌ಗಳ ಹೊತ್ತು ಗೊತ್ತಿನಲ್ಲಿ ಆಗುವ ಆಕಸ್ಮಿಕ ಏರುಪೇರು, ಎಲ್ಲ ಸೇರಿ ಆಗುವಂಥದ್ದು. ತಾಯಿಯ ಕಡೆಯಿಂದ ಬರುವ ಕೆಲವು ಕಾರಣಗಳೂ ಗೊತ್ತಿವೆ. ಗರ್ಭಕ್ಕೆ ಮೊದಲಿನಿಂದ ಹಿಡಿತ ತಪ್ಪಿದ ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಜಾಸ್ತಿ. ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಇನ್ನೊಂದು. ಅದು ವಿಟಮಿನ್ ಎ ಕುಲದ್ದು. ವಿಟಮಿನ್ ಎಯಿಂದ ಹುಟ್ಟುವ ರೆಟಿನಾಯಿಕ್ ಆಮ್ಲವೇ ಭ್ರೂಣದಲ್ಲಿ ಒಂದು ಸಿಗ್ನಲ್. ಹೃದಯದ ಯಾವ ತುದಿ ಏನಾಗಬೇಕು ಅಂತ ತೀರ್ಮಾನಿಸುವುದರಲ್ಲಿ ಅದರ ಪಾಲಿದೆ. ಹೊರಗಿನಿಂದ ಮಾತ್ರೆ ಬಂದು ಅದೇ ಸಿಗ್ನಲ್ ಕೂಗಿದರೆ ಭ್ರೂಣಕ್ಕೆ ಎಲ್ಲ ಕಡೆಯಿಂದಲೂ ಒಂದೇ ಮಾತು ಕೇಳುತ್ತದೆ, ದಿಕ್ಕು ತಪ್ಪುತ್ತದೆ. ಅದಕ್ಕೇ ಗರ್ಭಿಣಿಯರಿಗೆ ಆ ಮಾತ್ರೆ ಪೂರ್ತಿ ನಿಷಿದ್ಧ. ಇವೆರಡೂ ನಿಮಗೆ ಅನ್ವಯಿಸದಿದ್ದರೆ ‘ನಾನೇನು ತಪ್ಪು ಮಾಡಿದೆ’ ಅನ್ನುವ ಪ್ರಶ್ನೆಯನ್ನು ಇಲ್ಲಿಗೇ ಬಿಡಿ. ಸಣ್ಣ ರಂಧ್ರಗಳು ಎಷ್ಟೋ ಮಕ್ಕಳಲ್ಲಿ ತಾವಾಗೇ ಮುಚ್ಚಿಕೊಳ್ಳುತ್ತವೆ. ಡಾಕ್ಟರ್ ಹೇಳಿದ ಹೊತ್ತಿಗೆ ಎಕೋ ಮಾಡಿಸುತ್ತಿದ್ದರೆ ಆಯಿತು.

ಕಟ್ಟುವ ಜೀನ್ ಮುಂದೆ ಕಾಯಿಲೆಯಲ್ಲೂ ಕೈಯಾಡಿಸುತ್ತದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಬೇಕಾದರೆ ಕವಾಟ ನೋಡಿ. ಮಹಾಪಧಮನಿಯ ಬಾಯಲ್ಲಿರುವ ಕವಾಟಕ್ಕೆ ಮೂರು ರೆಕ್ಕೆ ಇರಬೇಕು. 100 ಜನರಲ್ಲಿ ಒಬ್ಬಿಬ್ಬರಿಗೆ ಎರಡೇ ಇರುತ್ತವೆ. ಅಂಥವರಲ್ಲಿ ಎಷ್ಟೋ ಮಂದಿಗೆ ನಡುವಯಸ್ಸು ದಾಟುವವರೆಗೆ ಅದು ಗೊತ್ತೇ ಆಗುವುದಿಲ್ಲ. ಆಮೇಲೆ ಕವಾಟದಲ್ಲಿ ಸುಣ್ಣ ಕಟ್ಟಿ ಬಿಗಿಯಾಗುತ್ತದೆ. ಕೆಲವು ಕುಟುಂಬಗಳಲ್ಲಿ ಇದಕ್ಕೆ ನಾಚ್1 ಜೀನ್ ಕಾರಣ ಅಂತ 2005ರಲ್ಲಿ ಪತ್ತೆಯಾಯಿತು. ಭ್ರೂಣದಲ್ಲಿ ಇದೇ ನಾಚ್ ಕವಾಟ ರೂಪಿಸುತ್ತದೆ. ಹೃದಯದ ಒಳಪದರದ ಕೋಶಗಳು ಸಾಲು ಬಿಟ್ಟು ಒಳಗೆ ಇಳಿದು, ಮೆತ್ತೆಯಂಥ ಗುಪ್ಪೆಯಾಗಿ, ಆಮೇಲೆ ತೆಳ್ಳಗಾಗಿ ರೆಕ್ಕೆಯಾಗುತ್ತವೆ. ಆ ಕೆಲಸಕ್ಕೆ ನಾಚ್ ಬೇಕು. ದೊಡ್ಡವರಾದ ಮೇಲೆ ಅದೇ ನಾಚ್, ಮೂಳೆ ಬೆಳೆಸುವ ರನ್ಎಕ್ಸ್2 ಎಂಬ ಜೀನ್ ಕವಾಟದಲ್ಲಿ ತಲೆ ಎತ್ತದಂತೆ ಒತ್ತಿ ಹಿಡಿದಿರುತ್ತದೆ. ನಾಚ್ ದುರ್ಬಲವಾದರೆ ಕವಾಟದ ಕೋಶ ‘ನಾನು ಮೂಳೆ’ ಅಂದುಕೊಳ್ಳತೊಡಗುತ್ತದೆ. ಒಂದೇ ಜೀನ್, 50 ವರ್ಷದ ಅಂತರದಲ್ಲಿ ಎರಡು ಬೇರೆ ಕೆಲಸ.

ಪಿಟ್ಎಕ್ಸ್2 ಅಂತ ಇನ್ನೊಂದಿದೆ. ಭ್ರೂಣಕ್ಕೆ ಎಡ ಯಾವುದು, ಬಲ ಯಾವುದು ಅಂತ ಹೇಳಿಕೊಡುವ ಸಿಗ್ನಲ್ ಸರಪಳಿಯ ಕೊನೆಯ ಕೊಂಡಿ ಅದು. ಎಡಗಡೆ ಮಾತ್ರ ಎದ್ದಿರುತ್ತದೆ. 2007ರಲ್ಲಿ ಸಾವಿರಾರು ಜನರ ಡಿಎನ್‌ಎ ಜಾಲಾಡಿದಾಗ, ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್ ಕಾಯಿಲೆಗೂ ಈ ಜೀನ್‌ನ ನೆರೆಯ ಜಾಗಕ್ಕೂ ನಂಟು ಕಂಡಿತು. ಎಡ ಬಲ ಕಲಿಸಿದ ಮೇಷ್ಟ್ರಿಗೂ ತಾಳ ತಪ್ಪುವುದಕ್ಕೂ ಏನು ಸಂಬಂಧ? ಹೃದಯದ ತಾಳ ಹಾಕುವ ಕೋಶಗಳು ಬಲಗಡೆ ಇರಬೇಕು. ಎಡಗಡೆಯ ಕೋಶಗಳು ಆ ಆಸೆ ಪಡದಂತೆ ಪಿಟ್ಎಕ್ಸ್2 ತಡೆಯುತ್ತದೆ. ಆ ತಡೆ ಸಡಿಲವಾದರೆ ಎಡಗಡೆಯೂ ತನ್ನದೇ ತಾಳ ಶುರು ಮಾಡುವ ಅವಕಾಶ ಹುಟ್ಟುತ್ತದೆ.

ಇನ್ನು ನಿಮ್ಮ ಅಪ್ಪನ ವಿಷಯ. ದೊಡ್ಡವರ ಹೃದಯದ ಸ್ನಾಯುಕೋಶ ಬಹುಮಟ್ಟಿಗೆ ವಿಭಜನೆ ನಿಲ್ಲಿಸಿರುತ್ತದೆ. ಎಷ್ಟರಮಟ್ಟಿಗೆ ಅಂತ 2009ರಲ್ಲಿ ಜಾಣತನದಿಂದ ಅಳೆದರು. ಹಿಂದೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿ, ಆಮೇಲೆ ಇಳಿಯುತ್ತಾ ಬಂದಿತ್ತು. ಕೋಶದ ಡಿಎನ್‌ಎಯಲ್ಲಿ ಅದು ಎಷ್ಟಿದೆ ಅಂತ ನೋಡಿದರೆ ಕೋಶ ಹುಟ್ಟಿದ ವರ್ಷ ತಿಳಿಯುತ್ತದೆ. ಲೆಕ್ಕ ಹೀಗೆ ಬಂತು: 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ 1ರಷ್ಟು ಸ್ನಾಯುಕೋಶಗಳು ಹೊಸದಾಗುತ್ತವೆ. 75ಕ್ಕೆ ಅದು ಶೇ 0.45ಕ್ಕೆ ಇಳಿಯುತ್ತದೆ. ಅಂದರೆ ಹೊರೆ ಜಾಸ್ತಿಯಾದಾಗ ಹೊಸ ಆಳುಗಳನ್ನು ಕರೆಸುವ ದಾರಿ ಇಲ್ಲ. ಇದ್ದ ಆಳುಗಳೇ ದಪ್ಪಗಾಗಬೇಕು.

ಬಿಪಿ ಜಾಸ್ತಿ ಇದ್ದಾಗ ಪ್ರತಿ ಬಡಿತಕ್ಕೂ ಕೋಶ ಹೆಚ್ಚು ಬಲ ಹಾಕಬೇಕು. ಅದರ ಜೊತೆಗೆ ನೋರ್‌ಅಡ್ರಿನಾಲಿನ್, ಆಂಜಿಯೋಟೆನ್ಸಿನ್-2 ಎಂಬ ಹಾರ್ಮೋನುಗಳ ಒತ್ತಾಯ. ಇವೆಲ್ಲ ಸೇರಿ ಕೋಶದೊಳಗೆ ಕ್ಯಾಲ್ಸಿಯಂ ಸಿಗ್ನಲ್ ಏರಿಸುತ್ತವೆ. ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಅದು ಎನ್‌ಫ್ಯಾಟ್ ಎಂಬ ಪ್ರೊಟೀನ್‌ಗೆ ಅಂಟಿದ್ದ ಫಾಸ್ಫೇಟ್ ಕಿತ್ತುಹಾಕುತ್ತದೆ. ಕಟ್ಟು ಬಿಚ್ಚಿದ ಎನ್‌ಫ್ಯಾಟ್ ಕೋಶಕೇಂದ್ರದೊಳಗೆ ನುಗ್ಗುತ್ತದೆ. ಅಲ್ಲಿ ಅದು ಯಾರ ಕೈ ಹಿಡಿಯುತ್ತದೆ ಗೊತ್ತಾ? ಗಾಟಾ4. ಹೌದು, ಹೃದಯ ಕಟ್ಟಿದ ಅದೇ ಗಾಟಾ4. 1998ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದಾಗ ನಮ್ಮ ಕ್ಷೇತ್ರದಲ್ಲಿ ದೊಡ್ಡ ಸದ್ದಾಯಿತು. ಕ್ಯಾಲ್ಸಿನ್ಯೂರಿನ್ ಒಂದನ್ನೇ ಸದಾ ಎಚ್ಚರ ಇರುವಂತೆ ಮಾಡಿದರೂ ಇಲಿಯ ಹೃದಯ ದಪ್ಪಗಾಗಿ ಸೋತುಹೋಗುತ್ತಿತ್ತು.

ಇನ್ನೊಂದು ದಾರಿಯೂ ಇದೆ. ಎಚ್‌ಡ್ಯಾಕ್ ಎಂಬ ಕಿಣ್ವಗಳು ಡಿಎನ್‌ಎ ಸುತ್ತನ್ನು ಬಿಗಿ ಹಿಡಿದು, ಎಂಇಎಫ್2 ಎಂಬ ಫ್ಯಾಕ್ಟರ್‌ಗೆ ಬೀಗ ಹಾಕಿರುತ್ತವೆ. ಒತ್ತಡದ ಸಿಗ್ನಲ್ ಬಂದಾಗ ಕೆಲವು ಎಚ್‌ಡ್ಯಾಕ್‌ಗಳಿಗೆ ಫಾಸ್ಫೇಟ್ ಅಂಟಿ, ಅವನ್ನು ಕೋಶಕೇಂದ್ರದಿಂದ ಹೊರಗೆ ಹಾಕಲಾಗುತ್ತದೆ. ಬೀಗ ಹಾಕಿದವನೇ ಊರು ಬಿಟ್ಟ ಹಾಗೆ. ಭ್ರೂಣದ ಕಾಲದಲ್ಲಿ ಓದಿ ಮುಚ್ಚಿಟ್ಟ ಪುಟಗಳು ತೆರೆದುಕೊಳ್ಳುತ್ತವೆ.

ನೀವು ಓದಿದ ‘ಭ್ರೂಣದ ಜೀನ್‌ಗಳು’ ಇವೇ. ಅಪ್ಪನ ರಿಪೋರ್ಟ್‌ನಲ್ಲಿರುವ ಬಿಎನ್‌ಪಿ ಅದರಲ್ಲಿ ಒಂದು. ಬೆಳೆಯುತ್ತಿರುವ ಹೃದಯದ ಕೆಳಕೋಣೆಗಳಲ್ಲಿ ಅದರ ಜೀನ್ ಜೋರಾಗಿ ಓದಲ್ಪಡುತ್ತದೆ, ದೊಡ್ಡವರಲ್ಲಿ ತಗ್ಗುತ್ತದೆ, ಗೋಡೆ ಹಿಗ್ಗಿದಾಗ ಮತ್ತೆ ಏರುತ್ತದೆ. ಹೆಸರಿನಲ್ಲಿರುವ ‘ಬಿ’ ಅಂದರೆ ಬ್ರೇನ್. 1988ರಲ್ಲಿ ಅದನ್ನು ಮೊದಲು ಹಂದಿಯ ಮಿದುಳಿನಲ್ಲಿ ಕಂಡರು, ಹೆಸರು ಅಂಟಿಕೊಂಡಿತು. ಮುಖ್ಯವಾಗಿ ಬರುವುದು ಹೃದಯದಿಂದಲೇ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಬಿಎನ್‌ಪಿ ಕೆಟ್ಟದ್ದಲ್ಲ. ಅದು ಮೂತ್ರಪಿಂಡಕ್ಕೆ ಉಪ್ಪು, ನೀರು ಹೊರಹಾಕಲು ಹೇಳುತ್ತದೆ, ರಕ್ತನಾಳ ಸಡಿಲಿಸುತ್ತದೆ, ಹೃದಯದ ಹೊರೆ ಇಳಿಸುತ್ತದೆ. ರಿಪೋರ್ಟ್‌ನಲ್ಲಿ ಅದು ಏರಿರುವುದು ಹೃದಯದ ಕೂಗು. ಕೂಗಿದವನನ್ನೇ ಕಳ್ಳ ಅಂದುಕೊಳ್ಳಬಾರದು.

ಹಾಗಾದರೆ ಹೃದಯ ಯಾಕೆ ಹಳೆಯ ಜೀನ್‌ಗಳ ಕಡೆ ತಿರುಗುತ್ತದೆ? ಭ್ರೂಣದ ಹೃದಯ ಆಮ್ಲಜನಕ ಕಡಿಮೆ ಇರುವ ಜಾಗದಲ್ಲಿ, ಸಕ್ಕರೆಯನ್ನೇ ಹೆಚ್ಚಾಗಿ ಉರಿಸಿ ಬದುಕುತ್ತದೆ. ದೊಡ್ಡವರ ಹೃದಯ ಮುಖ್ಯವಾಗಿ ಕೊಬ್ಬು ಉರಿಸುತ್ತದೆ. ಕಷ್ಟ ಬಂದಾಗ ಕಡಿಮೆ ಆಮ್ಲಜನಕದಲ್ಲಿ ದಿನ ದೂಡುವ ಹಳೆಯ ಬದುಕಿಗೆ ಮರಳುವುದು ಮೊದಮೊದಲಿಗೆ ಜಾಣತನವೇ ಇರಬಹುದು. ನನ್ನ ಅಭಿಪ್ರಾಯವೂ ಅದೇ. ತೊಂದರೆ ಆಗುವುದು ಆ ಸ್ಥಿತಿ ವರ್ಷಗಟ್ಟಲೆ ಮುಂದುವರಿದಾಗ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ಇಲ್ಲಿ ಆಗುವುದು ಅದಕ್ಕಿಂತ ವಿಚಿತ್ರ. ಗಿಡದ ಕಾಲದ ಮಾತು ಕೇಳಿ ಮರ ಬಗ್ಗಲು ಹೋಗುತ್ತದೆ. ಭ್ರೂಣದಲ್ಲಿ ಟಿಜಿಎಫ್-ಬೀಟಾ ಕವಾಟದ ಕೋಶಗಳನ್ನು ಎಬ್ಬಿಸಿ ಓಡಾಡಿಸಿತ್ತು. ದೊಡ್ಡವರಲ್ಲಿ ಅದೇ ಸಿಗ್ನಲ್ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಎಬ್ಬಿಸಿ ನಾರು ಕಟ್ಟಿಸುತ್ತದೆ. ಹೃದಯ ಗಡುಸಾಗುತ್ತದೆ.

ದಪ್ಪಗಾಗುವುದೆಲ್ಲ ಕಾಯಿಲೆ ಅಲ್ಲ ಅನ್ನುವುದನ್ನೂ ಸೇರಿಸಬೇಕು. ಓಟಗಾರರ ಹೃದಯ ದೊಡ್ಡದಾಗುತ್ತದೆ, ಗರ್ಭಿಣಿಯರದೂ ಆಗುತ್ತದೆ. ಆದರೆ ವ್ಯಾಯಾಮದಿಂದ ಬೆಳೆಯುವಾಗ ಮುಖ್ಯವಾಗಿ ಬೇರೆ ದಾರಿ ನಡೆಯುತ್ತದೆ, ಐಜಿಎಫ್-1 ಎಂಬ ಬೆಳವಣಿಗೆಯ ಸಿಗ್ನಲ್‌ನದು. ಅಲ್ಲಿ ಭ್ರೂಣದ ಜೀನ್‌ಗಳು ಆ ಪರಿ ಏಳುವುದಿಲ್ಲ, ನಾರೂ ಕಟ್ಟುವುದಿಲ್ಲ. ಗಾತ್ರ ಒಂದೇ ಕಂಡರೂ ಒಳಗೆ ಓದುತ್ತಿರುವ ಪುಟಗಳು ಬೇರೆ.

ಅಪ್ಪನ ಮಾತ್ರೆಗಳು ಈ ಕತೆಯಲ್ಲಿ ಎಲ್ಲಿ ಬರುತ್ತವೆ ಅಂತ ಹೇಳಿದರೆ ನಿಮಗೆ ಉಪಯೋಗ. ಬೀಟಾ-ಬ್ಲಾಕರ್ ನೋರ್‌ಅಡ್ರಿನಾಲಿನ್‌ಗೆ ಕಿವಿ ಮುಚ್ಚುತ್ತದೆ. ಹೆಸರಿನ ಕೊನೆಯಲ್ಲಿ ‘ಪ್ರಿಲ್’ ಅಥವಾ ‘ಸಾರ್ಟಾನ್’ ಇರುವ ಮಾತ್ರೆಗಳು ಆಂಜಿಯೋಟೆನ್ಸಿನ್ ದಾರಿಯನ್ನು ತಡೆಯುತ್ತವೆ. ನಾವು ಇವನ್ನು ಬಿಪಿ ಮಾತ್ರೆ ಅಂತ ಕರೆದು ಸುಮ್ಮನಾಗುತ್ತೇವೆ. ನಿಜದಲ್ಲಿ ಅವು ಜೀನ್‌ವರೆಗೆ ಹೋಗುವ ಗದ್ದಲವನ್ನು ಬಾಗಿಲಲ್ಲೇ ಇಳಿಸುತ್ತವೆ. ಬೀಟಾ-ಬ್ಲಾಕರ್ ತೆಗೆದುಕೊಂಡು ಸುಧಾರಿಸಿದ ರೋಗಿಗಳ ಹೃದಯದ ಚೂರು ಪರೀಕ್ಷಿಸಿದಾಗ ಜೀನ್ ಓದಿನ ಬಗೆಯೂ ಮಾಮೂಲಿನ ಕಡೆ ತಿರುಗಿದ್ದು ಕಂಡಿದೆ. ‘ಬಿಪಿ ಸರಿ ಇದೆಯಲ್ಲ, ಮಾತ್ರೆ ಯಾಕೆ’ ಅಂತ ಅಪ್ಪ ಕೇಳಿದರೆ ಇದನ್ನು ಹೇಳಿ.

ಒಳಗಿನ ಕ್ಯಾಲ್ಸಿನ್ಯೂರಿನ್‌ನನ್ನೇ ಯಾಕೆ ತಡೆಯಬಾರದು ಅಂತ ನೀವು ಕೇಳಬಹುದು. ತಡೆಯುವ ಔಷಧ ಇದೆ, ಸೈಕ್ಲೋಸ್ಪೋರಿನ್. ಅಂಗ ಕಸಿ ಆದವರು ತೆಗೆದುಕೊಳ್ಳುತ್ತಾರೆ. ಅದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ, ಬಿಪಿ ಏರಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಒಂದೇ ಸಿಗ್ನಲ್ ದೇಹದ ಹತ್ತು ಕಡೆ ಹತ್ತು ಕೆಲಸ ಮಾಡುವುದರ ಬೆಲೆ ಇದು.

ಅಪ್ಪನಿಗೆ ಸಾಕ್ಯುಬಿಟ್ರಿಲ್ ಸೇರಿದ ಮಾತ್ರೆ ಕೊಟ್ಟಿದ್ದರೆ ಒಂದು ಎಚ್ಚರಿಕೆ. ಅದು ಬಿಎನ್‌ಪಿಯನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. ಹಾಗಾಗಿ ಆ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಿಎನ್‌ಪಿ ಸಂಖ್ಯೆ ಏರಬಹುದು, ಕಾಯಿಲೆ ಏರಿದೆ ಅಂತ ಅರ್ಥ ಅಲ್ಲ. ಅಂಥವರಿಗೆ ಎನ್‌ಟಿ-ಪ್ರೊಬಿಎನ್‌ಪಿ ಎಂಬ ಟೆಸ್ಟ್ ಹೆಚ್ಚು ಸರಿ. ಅದು ಅಳೆಯುವುದು ಬಿಎನ್‌ಪಿ ತಯಾರಾಗುವಾಗ ಬೇರಾಗುವ ಇನ್ನೊಂದು ತುಣುಕನ್ನು, ಅದನ್ನು ಈ ಕಿಣ್ವ ಮುಟ್ಟುವುದಿಲ್ಲ. ಎರಡು ಟೆಸ್ಟ್‌ಗಳ ಸಂಖ್ಯೆಗಳನ್ನು ಒಂದಕ್ಕೊಂದು ಹೋಲಿಸಲೂ ಬೇಡಿ.

ಭ್ರೂಣದ ಸಿಗ್ನಲ್‌ಗಳನ್ನು ನಾವೇ ಬೇಕೆಂದು ಎಬ್ಬಿಸಿ ಹೃದಯ ರಿಪೇರಿ ಮಾಡಬಹುದಾ? ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಇದರ ಬಗ್ಗೆ ಉತ್ಪ್ರೇಕ್ಷೆ ಜಾಸ್ತಿ. ಜೀಬ್ರಾ ಮೀನಿನ ಹೃದಯದ ಕೆಳಕೋಣೆಯಲ್ಲಿ ಶೇ 20ರಷ್ಟು ಕತ್ತರಿಸಿದರೂ ಎರಡು ತಿಂಗಳಲ್ಲಿ ಬೆಳೆದುಬಿಡುತ್ತದೆ. ಒಂದು ದಿನದ ಇಲಿಮರಿಗೂ ಆ ಶಕ್ತಿ ಇದೆ, ಏಳು ದಿನಕ್ಕೆ ಹೋಗಿಬಿಡುತ್ತದೆ ಅಂತ 2011ರಲ್ಲಿ ತೋರಿಸಿದರು. ಆ ಬಾಗಿಲು ಮುಚ್ಚುವವರಲ್ಲಿ ಹಿಪ್ಪೊ ಎಂಬ ಸಿಗ್ನಲ್ ದಾರಿ ಒಂದು. ಅದನ್ನು ತಡೆದರೆ ದೊಡ್ಡ ಇಲಿಯ ಹೃದಯದ ಕೋಶವೂ ಸ್ವಲ್ಪ ವಿಭಜನೆ ಆಗುತ್ತದೆ. ಆದರೆ 2019ರಲ್ಲಿ ಹಂದಿಗಳ ಮೇಲೆ ನಡೆದ ಒಂದು ಪ್ರಯೋಗ ನನ್ನನ್ನು ಇವತ್ತಿಗೂ ತಡೆದು ನಿಲ್ಲಿಸುತ್ತದೆ. ಹಾರ್ಟ್ ಅಟ್ಯಾಕ್ ಆದ ಹಂದಿಗಳಿಗೆ ಕೋಶ ವಿಭಜನೆ ಎಬ್ಬಿಸುವ ಒಂದು ಪುಟ್ಟ ಆರ್‌ಎನ್‌ಎ ಕೊಟ್ಟರು. ಗಾಯದ ಕಲೆ ಚಿಕ್ಕದಾಯಿತು, ಹೃದಯ ಚೆನ್ನಾಗಿ ಬಡಿಯಿತು. ಆಮೇಲೆ ಬಹುಪಾಲು ಹಂದಿಗಳು ತಾಳ ತಪ್ಪಿ ದಿಢೀರ್ ಸತ್ತವು. ‘ಬೆಳೆ’ ಅಂತ ಹೇಳಿದ್ದರು, ‘ನಿಲ್ಲು’ ಅಂತ ಹೇಳುವ ಏರ್ಪಾಡು ಇರಲಿಲ್ಲ.

ಇದಕ್ಕೆ ತಿರುಗುಮುರುಗಾದ ಪಾಠ ಕ್ಯಾನ್ಸರ್ ಔಷಧವೊಂದರಿಂದ ಬಂತು. ಭ್ರೂಣದ ಹೃದಯದ ಒಳಗೋಡೆ ಏಣುಏಣಾಗಿ ಬೆಳೆಯಲು ಅರ್ಬ್-ಬಿ2 ಎಂಬ ಗ್ರಾಹಕ ಬೇಕು. ಇದನ್ನೇ ಹರ್-2 ಅಂತಲೂ ಕರೆಯುತ್ತಾರೆ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಇದು ಅತಿಯಾಗಿರುತ್ತದೆ, ಟ್ರಾಸ್ಟುಜುಮ್ಯಾಬ್ ಅದನ್ನು ತಡೆಯುತ್ತದೆ. ಚಿಕಿತ್ಸೆ ಪಡೆದ ಕೆಲವರಲ್ಲಿ ಹೃದಯ ದುರ್ಬಲವಾದಾಗ ತಿಳಿದದ್ದು: ದೊಡ್ಡವರ ಹೃದಯಕ್ಕೂ ಆ ಸಿಗ್ನಲ್ ದಿನವೂ ಬೇಕಂತೆ. ಈಗ ಆ ಔಷಧ ಕೊಡುವಾಗ ನಡುನಡುವೆ ಎಕೋ ಮಾಡಿಸುತ್ತಾರೆ.

ಕೊನೆಗೆ ನಿಮ್ಮ ಟೆಸ್ಟ್ ಪ್ರಶ್ನೆ. ಅಪ್ಪನ ಗೋಡೆ ದಪ್ಪವಾಗಲು ಬಿಪಿ ಎಂಬ ಕಣ್ಣಿಗೆ ಕಾಣುವ ಕಾರಣ ಇದೆ. ದಪ್ಪ ಬಿಪಿಯ ಅಳತೆಗೆ ಮೀರಿದ್ದರೆ, ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ದಿಢೀರ್ ಸಾವು ಆಗಿದ್ದರೆ ಮಾತ್ರ ಜೀನ್ ಟೆಸ್ಟ್ ಬಗ್ಗೆ ಕೇಳಿ. ಮಗಳಿಗೆ ಬರೀ ಸಣ್ಣ ರಂಧ್ರ ಒಂದೇ ಇದ್ದು, ಬೆಳವಣಿಗೆ ಚೆನ್ನಾಗಿದ್ದು, ಕೈಬೆರಳು ಸರಿ ಇದ್ದು, ಇಸಿಜಿಯಲ್ಲಿ ವಿದ್ಯುತ್ ಹರಿವಿಗೆ ತಡೆ ಇಲ್ಲದಿದ್ದರೆ, ಮನೆಯಲ್ಲಿ ಬೇರೆ ಯಾರಿಗೂ ಹುಟ್ಟಿನಿಂದ ಹೃದಯ ದೋಷ ಇಲ್ಲದಿದ್ದರೆ, ನಾನಾಗಿದ್ದರೆ ಈಗ ಟೆಸ್ಟ್ ಮಾಡಿಸುತ್ತಿರಲಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ. ಇನ್ನೊಂದು ಮಗುವಿನ ಯೋಚನೆ ಇದ್ದರೆ, ಅಪಾಯ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಐದನೇ ತಿಂಗಳ ಸುಮಾರಿಗೆ ಭ್ರೂಣದ ಎಕೋ ಮಾಡಿಸಲು ಕೇಳಿ. ಅಪ್ಪನ ಬಿಎನ್‌ಪಿ ವಿಷಯ ಆ ಡಾಕ್ಟರ್ ಹತ್ತಿರ ಹೇಳುವ ಅಗತ್ಯ ಇಲ್ಲ, ಮಗಳ ರಿಪೋರ್ಟ್ ಮಾತ್ರ ತೆಗೆದುಕೊಂಡು ಹೋಗಿ.